ಜೀನಿಲ್ಲದ ಐದು ದಿನ

ಮೊದಲೇ ಹೇಳಿಬಿಡುತ್ತೇನೆ. 5 ದಿನದಲ್ಲಿ ಸುಮಾರು 80 ಕಿಲೋಮೀಟರ್ ಹೋಗಿ ಬಂದೆವು. ಅದರಲ್ಲಿ ಹತ್ತಿರ ಹತ್ತಿರ 30 ಕಿಲೋಮೀಟರ್ ನಾನು ನಡೆದೇ ಹೋದೆ. ಕುದುರೆ ಪಕ್ಕದಲ್ಲೇ ಇತ್ತು, ಆರಾಮಾಗಿ ಹುಲ್ಲು ಕಿತ್ತುಕೊಂಡು ಬರುತ್ತಿತ್ತು. ಕುದುರೆ ಕಂಡರೆ ಕಾಲು ನೋವು ಅಂತ ಗಾದೆ ಇದೆಯಲ್ಲ, ನನಗೆ ಕುದುರೆ ಹತ್ತಿ ಇಳಿದ ಮೇಲೆ ಕಾಲು ನೋವು ಶುರುವಾಯಿತು.

ಜೀನು ಹಾಕದೆ, ಕಾಲಿಡಲು ಅದರಿಂದ ಇಳಿಬಿಡುವ ರಿಕಾಪಿಗೆ ಕಾಲು ಕೊಡದೆ, ಬರಿಬೆನ್ನಿನ ಮೇಲೆ ದೂರ ಹೋಗಬೇಕು ಅನ್ನುವ ಆಸೆ ಹಳೆಯದು. ಕಣದಲ್ಲಿ ಅರ್ಧ ಗಂಟೆ ಸುತ್ತು ಹೊಡೆಯುವುದು ಎಲ್ಲರೂ ಮಾಡುತ್ತಾರೆ. ದಿನವಿಡೀ, ಗುಡ್ಡ ಹತ್ತಿ ಇಳಿದು, ಹೊಳೆ ದಾಟಿ ಹೋಗಬೇಕು ಅಂತ ನನ್ನ ಹಟ. ಜೀನು ಇಲ್ಲದಿದ್ದರೆ ಕುದುರೆಗೂ ಹಗುರ ಅಂತ ಬೇರೆ ನಂಬಿಕೊಂಡಿದ್ದೆ. ಈ ನಂಬಿಕೆಯ ಕಥೆ ಮೂರನೇ ದಿನ ಬರುತ್ತದೆ.

ಹೊರಡುವ ಮೊದಲು ಮೂರು ತಿಂಗಳು ವಾರಕ್ಕೆರಡು ದಿನ ಬರಿಬೆನ್ನಿನ ಮೇಲೆ ಕೂತು ಅಭ್ಯಾಸ ಮಾಡಿದೆ. ಒಂದು ಬೇರ್‌ಬ್ಯಾಕ್ ಪ್ಯಾಡ್ ಕೊಂಡೆ. ಕಂಬಳಿಯಂಥ ದಪ್ಪ ಗಾದಿ, ಹೊಟ್ಟೆ ಕೆಳಗೆ ಬಿಗಿಯಲು ಒಂದು ಪಟ್ಟಿ, ಮುಂದೆ ಹಿಡಿದುಕೊಳ್ಳಲು ಒಂದು ಹಿಡಿ. ಜೀನಿನೊಳಗೆ ಇರುವ ಗಟ್ಟಿ ಚೌಕಟ್ಟು ಇದಕ್ಕೆ ಇಲ್ಲ. ಎರಡು ಕಡೆ ರಿಕಾಪು ಜೋತುಬಿದ್ದಿದ್ದು ನೋಡಿ ಖುಷಿಪಟ್ಟು ಅದನ್ನೇ ಆರಿಸಿದ್ದೆ.

ಮೊದಲ ದಿನ

ಕುದುರೆ ಸಾಕುವ ಯಜಮಾನರು ಮಾತಾಡಿಸುವ ಮೊದಲೇ ನನ್ನ ಪ್ಯಾಡ್ ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಎರಡೂ ರಿಕಾಪು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು. "ವಾಪಸ್ ಬಂದ ಮೇಲೆ ತಗೊಂಡು ಹೋಗು."

ನನ್ನ ಮುಖ ನೋಡಿ ಕಾರಣ ಹೇಳಿದರು. ಜೀನಿಗೆ ಒಳಗೆ ಚೌಕಟ್ಟು ಇರುತ್ತದೆ. ರಿಕಾಪಿನ ಮೇಲೆ ನಿಂತರೆ ಆ ಭಾರ ಚೌಕಟ್ಟಿನ ಮೇಲೆ ಬಿದ್ದು ಬೆನ್ನಿನ ಎರಡೂ ಬದಿಗೆ ಹಂಚಿಹೋಗುತ್ತದೆ. ಪ್ಯಾಡಿನಲ್ಲಿ ರಿಕಾಪಿನ ಪಟ್ಟಿ ಬೆನ್ನುಮೂಳೆಯ ಮೇಲೇ ಅಡ್ಡ ಹಾದುಹೋಗುತ್ತದೆ. ನಿಂತಾಗಲೆಲ್ಲ ಅದು ಮೂಳೆಯನ್ನು ಒತ್ತುತ್ತದೆ. ಸಾಲದ್ದಕ್ಕೆ ಒಂದು ಕಾಲಿಗೆ ಭಾರ ಜಾಸ್ತಿಯಾದರೆ ಪ್ಯಾಡ್ ಪೂರ್ತಿ ಹೊಟ್ಟೆ ಕೆಳಗೆ ತಿರುಗಿಬಿಡುತ್ತದೆ, ಕಾಲು ಮಾತ್ರ ರಿಕಾಪಿನಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ಏನಾಗುತ್ತದೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನಗೆ ಕೊಟ್ಟ ಕುದುರೆಯ ಹೆಸರು ಬೂದಿ, ಬಣ್ಣವೂ ಬೂದಿಯೇ. 14 ವರ್ಷದ ಹೆಣ್ಣು ಕುದುರೆ. ಹುಟ್ಟಿದಾಗ ಹೆಚ್ಚುಕಡಿಮೆ ಕಪ್ಪಗಿತ್ತಂತೆ. ಈ ಬಣ್ಣದ ಕುದುರೆಗಳೇ ಹಾಗೆ, ವರ್ಷ ಹೋದ ಹಾಗೆ ನಮ್ಮ ತಲೆಕೂದಲಿನಂತೆ ಬೆಳ್ಳಗಾಗುತ್ತವೆ. ಯಜಮಾನರು ಅವಳನ್ನು ಆರಿಸಿದ್ದು ಸಾಧು ಸ್ವಭಾವ ನೋಡಿ ಮಾತ್ರ ಅಲ್ಲ, ಬೆನ್ನು ನೋಡಿ. ಬೆನ್ನುಮೂಳೆಯ ಎರಡೂ ಕಡೆ ಮಾಂಸಖಂಡ ಉಬ್ಬಿ, ನಡುವೆ ಸಣ್ಣ ಕಾಲುವೆಯ ಹಾಗೆ ತಗ್ಗು ಇತ್ತು. ಮಳೆ ಬಂದರೆ ನೀರು ಅಲ್ಲೇ ಹರಿದು ಬಾಲದ ಕಡೆ ಹೋಗಬೇಕು, ಹಾಗಿತ್ತು. ಸುಮಾರು 2,400 ವರ್ಷದ ಹಿಂದೆ ಗ್ರೀಸಿನ ಸೇನಾನಿ, ಬರಹಗಾರ ಕ್ಸೆನೊಫನ್ ಕುದುರೆ ಕೊಳ್ಳುವವರಿಗೆ ಇದನ್ನೇ ಹೇಳಿದ್ದ. ಜೋಡಿಬೆನ್ನಿನ ಕುದುರೆ ನೋಡಲೂ ಚೆಂದ, ಕೂರಲೂ ಮೆತ್ತಗೆ ಅಂತ. ಅವನ ಕಾಲದ ಗ್ರೀಕರಿಗೆ ರಿಕಾಪು ಗೊತ್ತಿರಲಿಲ್ಲ. ಬೆನ್ನು ಹೇಗಿದೆ ಅನ್ನುವುದು ಅವರಿಗೆ ದಿನಾ ಅನುಭವಕ್ಕೆ ಬರುವ ವಿಷಯವಾಗಿತ್ತು.

ನಾವು ನಾಲ್ವರು. ಯಜಮಾನರು, ಸಹಾಯಕ್ಕೆ ಒಬ್ಬ ಹದಿನಾರರ ಹುಡುಗ, ನನ್ನ ಗೆಳತಿ, ನಾನು. ಅವರು ಮೂವರಿಗೂ ಜೀನು. ಗೆಳತಿಗೆ ನನ್ನ ಹುಚ್ಚು ಇರಲಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಸಾಮಾನು ಹೊರಲು ಐದನೆಯ ಕುದುರೆ. ಇದನ್ನು ನೆನಪಿಡಿ: ಪ್ಯಾಡಿಗೆ ಚೀಲ ಕಟ್ಟಲು ಆಗುವುದಿಲ್ಲ. ಕಟ್ಟಿದರೆ ಭಾರ ಒಂದು ಕಡೆ ಎಳೆಯುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡರೆ ಪ್ರತಿ ಹೆಜ್ಜೆಗೂ ಅದು ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ನೀರಿನ ಬಾಟಲಿ, ಒಂದು ಹಿಡಿ ಕಡಲೆಕಾಯಿ, ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯುವ ಕೊಕ್ಕೆ, ಇಷ್ಟನ್ನು ಸೊಂಟಕ್ಕೆ ಕಟ್ಟಿಕೊಂಡೆ. ಉಳಿದದ್ದೆಲ್ಲ ಐದನೆಯವನ ಹೆಗಲಿಗೆ.

ಬೆಳಿಗ್ಗೆ ಮಂಜು ಇತ್ತು. ಕೈ ಮರಗಟ್ಟುವಷ್ಟು ಚಳಿ. ಒಂದು ಬಂಡೆ ಹತ್ತಿ ಅಲ್ಲಿಂದ ಬೂದಿಯ ಮೇಲೆ ಕೂತೆ. ಕೂತ ಕೂಡಲೇ ತೊಡೆಯಿಂದ ಬಿಸಿ ಏರತೊಡಗಿತು. ಕುದುರೆಯ ಮೈ ನಮ್ಮದಕ್ಕಿಂತ ಒಂದು ಗುಲಗಂಜಿ ಬಿಸಿ, 38 ಡಿಗ್ರಿಯ ಆಸುಪಾಸು. ಪ್ಯಾಡ್ ದಾಟಿ ಬರುವ ಆ ಶಾಖಕ್ಕೆ ಗೆಳತಿ ಜೀನಿನ ಮೇಲಿಂದ ಹೊಟ್ಟೆಕಿಚ್ಚು ಪಟ್ಟಳು. 5 ದಿನದಲ್ಲಿ ಅವಳು ನನ್ನ ಬಗ್ಗೆ ಹೊಟ್ಟೆಕಿಚ್ಚು ಪಟ್ಟದ್ದು ಅದೊಂದೇ ಸಲ.

ದಾರಿ ಹೊಲಗಳ ಅಂಚಿನಲ್ಲಿತ್ತು. ಮೆತ್ತಗಿನ ಮಣ್ಣು, ಅಕ್ಕಪಕ್ಕ ಎತ್ತರದ ಒಣಹುಲ್ಲು. ಬೂದಿಯ ಹೆಗಲು ಒಂದಾದ ಮೇಲೆ ಒಂದು ಮುಂದೆ ಹೋಗುವುದು, ಬೆನ್ನಿನ ಖಂಡ ಏರಿ ಇಳಿಯುವುದು ಎಲ್ಲ ಕುಂಡಿಗೇ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿದರೂ ಈಗ ಹಿಂದಿನ ಯಾವ ಕಾಲು ಎತ್ತಿದಳು ಅಂತ ಹೇಳಬಹುದಿತ್ತು. ಅವಳು ಏನಾದರೂ ಕಂಡು ಬೆಚ್ಚುವ ಮೊದಲು ಬೆನ್ನು ಒಂದು ಕ್ಷಣ ಬಿಗಿಯಾಗುತ್ತಿತ್ತು. ಕಿವಿ ನೆಟ್ಟಗಾಗುವುದು ಆಮೇಲೆ.

ನಡಿಗೆ ಸುಖ. ಕುಕ್ಕುಲೋಟಕ್ಕೆ ಇಳಿದಾಗ ಬಣ್ಣ ಬಯಲಾಯಿತು. ರಿಕಾಪು ಇದ್ದರೆ ಏಳುತ್ತಾ ಕೂರುತ್ತಾ ಹೋಗಬಹುದು. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಧಡ್ ಧಡ್. ಬೀಳುತ್ತೇನೆ ಅನ್ನಿಸಿದಾಗ ಮೊಣಕಾಲು ತಾನಾಗೇ ಬಿಗಿಯಾಗುತ್ತದೆ. ಮೊಣಕಾಲು ಬಿಗಿದರೆ ಕುಂಡಿ ಮೇಲೇಳುತ್ತದೆ, ಹಿಮ್ಮಡಿ ಹೊಟ್ಟೆಗೆ ತಾಗುತ್ತದೆ. ಕುದುರೆ ಅದನ್ನು ಇನ್ನೂ ಜೋರಾಗಿ ಹೋಗು ಅಂತ ತಿಳಿಯುತ್ತದೆ. ಜೋರಾಗಿ ಹೋದರೆ ಇನ್ನೂ ಭಯ. ಈ ಚಕ್ರದಲ್ಲಿ ನಾನು ಎರಡು ಸಲ ಸುತ್ತಿದೆ. "ಉಸಿರು ಬಿಡು" ಅಂತ ಹಿಂದಿನಿಂದ ಯಜಮಾನರು ಕೂಗಿದರು. ಬಿಟ್ಟೆ. ಬೂದಿ ನಿಧಾನವಾದಳು. ಅಷ್ಟು ಸುಲಭ ಅಂತ ನನಗೆ ಮೂರು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಬೀಳುವುದು ಮಾತ್ರ ಓಟದಲ್ಲಿ ಆಗಲಿಲ್ಲ. ಬೇಲಿಯ ಗೇಟಿನ ಹತ್ತಿರ, ಕುದುರೆ ನಿಂತಿದ್ದಾಗ ಆಯಿತು. ಚಿಲಕ ತೆಗೆಯಲು ಎಡಕ್ಕೆ ಬಾಗಿದೆ. ಪ್ಯಾಡೂ ನನ್ನ ಜೊತೆ ಬಂತು. ಬಹಳ ನಿಧಾನವಾಗಿ, ನಾನು ಏನಾಗುತ್ತಿದೆ ಅಂತ ಯೋಚಿಸುವಷ್ಟು ಸಮಯ ಕೊಟ್ಟು, ಬೂದಿಯ ಪಕ್ಕೆಯಿಂದ ಜಾರಿ ಹುಲ್ಲಿನ ಮೇಲೆ ಕೂತೆ. ಅವಳು ಕತ್ತು ತಿರುಗಿಸಿ ನೋಡಿದಳು. ಹುಡುಗ ಬಿದ್ದುಬಿದ್ದು ನಕ್ಕ. ತಪ್ಪು ನನ್ನದೇ. ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಹತ್ತು ನಿಮಿಷ ನಡೆದ ಮೇಲೆ ಇಳಿದು ಇನ್ನೊಮ್ಮೆ ಬಿಗಿಯಬೇಕು. ಅದು ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ. ಮತ್ತೆ ಹತ್ತಲು ಬಂಡೆ ಬೇಕಲ್ಲ ಅಂತ.

ಸಂಜೆ 16 ಕಿಲೋಮೀಟರ್ ಮುಗಿದಿತ್ತು. ಪ್ಯಾಡ್ ತೆಗೆದಾಗ ಯಜಮಾನರು ಬೂದಿಯ ಬೆನ್ನಿನ ಹತ್ತಿರ ಬಂದು ನಿಂತರು. ಪ್ಯಾಡ್ ಇದ್ದಷ್ಟು ಜಾಗ ಬೆವರಿ ಕಪ್ಪಾಗಿತ್ತು. "ಇದು ನಿನ್ನ ಪರೀಕ್ಷೆಯ ಪೇಪರ್. ದಿನಾ ಓದು" ಅಂದರು. ಬೆವರು ಸಮನಾಗಿ ಹರಡಿದ್ದರೆ ಒಳ್ಳೆಯದು. ಒದ್ದೆಯ ನಡುವೆ ಅಂಗೈಯಷ್ಟು ಒಣ ಜಾಗ ಕಂಡರೆ ಅಲ್ಲಿ ಒತ್ತಡ ಜಾಸ್ತಿಯಾಗಿ ಬೆವರೇ ಬಂದಿಲ್ಲ ಅಂತ ಅನುಮಾನ ಪಡಬೇಕು. ವಾರಗಟ್ಟಲೆ ಹಾಗೇ ಬಿಟ್ಟರೆ ಆ ಜಾಗದಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಆಮೇಲೆ ಎರಡು ಹೆಬ್ಬೆರಳಿಂದ ಬೆನ್ನುಮೂಳೆಯ ಎರಡೂ ಕಡೆ ಮೆಲ್ಲಗೆ ಒತ್ತುತ್ತಾ ಹಿಂದಕ್ಕೆ ಹೋದರು. ಬೂದಿ ಕಣ್ಣು ಅರೆ ಮುಚ್ಚಿದಳು. ಪಾಸು.

ಎರಡನೇ ದಿನ

ಏಳಲು ಆಗಲಿಲ್ಲ. ಸುಳ್ಳಲ್ಲ. ಡೇರೆಯೊಳಗೆ ಮಗ್ಗುಲು ಬದಲಿಸಲು ಎರಡೂ ಕೈ ಬೇಕಾಯಿತು. ತೊಡೆಯ ಒಳಭಾಗದಲ್ಲಿ ಇಂಥ ಸ್ನಾಯುಗಳು ಇವೆ ಅಂತಲೇ ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಕಷ್ಟ ಚರ್ಮದ್ದು. ಪ್ಯಾಂಟಿನ ಒಳಹೊಲಿಗೆ ದಿನವಿಡೀ ಉಜ್ಜಿ ಎರಡು ಕೆಂಪು ಗೆರೆ ಎಳೆದಿತ್ತು. ಗೆಳತಿ ಸೈಕಲ್ ಹೊಡೆಯುವವರು ಹಾಕುವ ಬಿಗಿ ಚಡ್ಡಿ ಕೊಟ್ಟಳು. ಅದನ್ನು ಒಳಗೆ ಹಾಕಿಕೊಂಡ ಮೇಲೆ ಜೀವ ಬಂತು. ನೀವು ಹೋಗುವುದಾದರೆ ಮೊದಲ ದಿನದಿಂದಲೇ ಹಾಕಿ. ನಾನು ಹೇಳಿದ ಬೇರೆಲ್ಲ ಮರೆತರೂ ಪರವಾಗಿಲ್ಲ.

ಈ ದಿನ ಪೂರ್ತಿ ಗುಡ್ಡ. ಏರುವುದು ಕಷ್ಟವಿರಲಿಲ್ಲ. ಮುಂದಕ್ಕೆ ಬಾಗಿ, ಜೂಲನ್ನು ಒಂದು ಹಿಡಿ ಹಿಡಿದುಕೊಂಡು, ಲಗಾಮು ಸಡಿಲ ಬಿಟ್ಟರೆ ಬೂದಿ ತಾನೇ ದಾರಿ ನೋಡಿಕೊಳ್ಳುತ್ತಿದ್ದಳು. ಹಿಡಿಯಲು ಏನಾದರೂ ಬೇಕು ಅನ್ನಿಸಿದಾಗ ಕೈ ಲಗಾಮಿಗೆ ಹೋಗಬಾರದು. ಅದು ಅವಳ ಬಾಯಿ. ಜೂಲಿಗೆ ಹೋಗಬೇಕು. ಇಳಿಜಾರು ಬಂದಾಗ ಜೀನಿನ ಬೆಲೆ ಗೊತ್ತಾಗುತ್ತದೆ. ತಡೆಯಲು ಮುಂದೆ ಏನೂ ಇಲ್ಲ. ಇಂಚು ಇಂಚಾಗಿ ಜಾರಿ ಅವಳ ಹೆಗಲ ಉಬ್ಬಿನ ಮೇಲೆ ಬಂದು ಕೂತೆ. ಅಲ್ಲಿ ಬರೀ ಮೂಳೆ. ಅವಳಿಗೂ ಹಿಂಸೆ, ನನಗಂತೂ ಕೇಳಲೇಬೇಡಿ.

ಇಳಿದು ನಡೆದೆ. ಮೊದಲು ಸೋತ ಹಾಗೆ ಅನ್ನಿಸಿತು. ಯಜಮಾನರೂ ಇಳಿದರು, ಹುಡುಗನೂ ಇಳಿದ. ಕಡಿದಾದ ಇಳಿಜಾರಿನಲ್ಲಿ ಅವರು ಯಾವಾಗಲೂ ಇಳಿಯುತ್ತಾರಂತೆ, ಜೀನು ಇದ್ದರೂ. ಗಂಟೆಗೊಮ್ಮೆ ಹತ್ತು ನಿಮಿಷ ನಡೆದರೆ ಕುದುರೆಯ ಬೆನ್ನಿಗೆ ರಕ್ತ ಓಡುತ್ತದೆ, ಸವಾರನ ಕಾಲಿಗೂ ಓಡುತ್ತದೆ. ಹಿಂದೆ ಅಶ್ವದಳಗಳೂ ದೂರದ ದಾರಿಯಲ್ಲಿ ಹೀಗೆ ಇಳಿದು ನಡೆಯುತ್ತಿದ್ದವು. ಸಿನಿಮಾದಲ್ಲಿ ಮಾತ್ರ ಯಾರೂ ಇಳಿಯುವುದಿಲ್ಲ, ಅಲ್ವಾ?

ತುದಿಯಲ್ಲಿ ಗಾಳಿ ಎಷ್ಟಿತ್ತೆಂದರೆ ಮಾತು ಬಾಯಿಂದ ಹೊರಬಂದ ಕೂಡಲೇ ಹಾರಿಹೋಗುತ್ತಿತ್ತು. ಒಂದು ಕಲ್ಲುಗೋಡೆಯ ಮರೆಯಲ್ಲಿ ಕುರಿ ಕಾಯುವ ಮುದುಕಿ ಕೂತಿದ್ದಳು. ನಾವೂ ಅಲ್ಲೇ ಕೂತೆವು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ತಿಂದೆವು, ಅವಳಿಗೂ ಕೊಟ್ಟೆವು. ಅವಳ ಕಣ್ಣು ಬೂದಿಯ ಬೆನ್ನಿನ ಮೇಲೇ ಇತ್ತು. "ಜೀನು ಕಳ್ಳತನ ಆಯ್ತಾ?" ಅಂತ ಕೇಳಿದಳು.

ಇಲ್ಲ, ಬೇಕಂತಲೇ ಹೀಗೆ ಬಂದಿದ್ದೇನೆ ಅಂದೆ. ಅವಳು ಆಲೂಗಡ್ಡೆ ಅಗಿಯುವುದು ನಿಲ್ಲಿಸಿದಳು. ಚಿಕ್ಕವಳಿದ್ದಾಗ ಅವರ ಮನೆಯಲ್ಲಿ ಜೀನು ಇದ್ದದ್ದು ಒಂದೇ ಅಂತೆ, ಅದು ಅಪ್ಪನದು. ಮಕ್ಕಳೆಲ್ಲ ಗೋಣಿಚೀಲ ಹಾಸಿಕೊಂಡು ಹೋಗುತ್ತಿದ್ದರು. ನೀರಿಗೆ, ಕುರಿ ಹುಡುಕಲು, ಎಲ್ಲಿಗೂ. "ಜೀನು ಸಿಕ್ಕಿದ ದಿನ ನಾನು ಅತ್ತುಬಿಟ್ಟಿದ್ದೆ, ಖುಷಿಗೆ" ಅಂದಳು. ಗೆಳತಿ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದಳು.

ಹೊರಡುವಾಗ ಮುದುಕಿ ನನಗೊಂದು ಬುದ್ಧಿ ಹೇಳಿದಳು. ಕುರ್ಚಿಯ ಮೇಲೆ ಕೂತ ಹಾಗೆ ಕೂರಬೇಡ, ಕಾಲು ಅಗಲಿಸಿ ನಿಂತ ಹಾಗೆ ಕೂರು. ಎದೆ ಝಲ್ಲೆಂದಿತು. ಕ್ಸೆನೊಫನ್ ಹೇಳಿದ್ದೂ ಇದನ್ನೇ. ಗ್ರೀಕನ ಹೆಸರನ್ನೂ ಕೇಳಿರದ ಇವಳು ಗೋಣಿಚೀಲದ ಮೇಲೆ ಕೂತೇ ಅದನ್ನು ಕಂಡುಕೊಂಡಿದ್ದಳು. ಹತ್ತಿದ ಮೇಲೆ ಹಾಗೇ ಮಾಡಿದೆ. ಕಾಲು ಉದ್ದಕ್ಕೆ ಇಳಿಬಿಟ್ಟೆ, ಮೊಣಕಾಲು ಸಡಿಲ ಮಾಡಿದೆ. ಭಾರ ಕುಂಡಿಯ ಎರಡು ಮೂಳೆಯಿಂದ ತೊಡೆಗೆ ಇಳಿದದ್ದು ಗೊತ್ತಾಯಿತು. ಮಧ್ಯಾಹ್ನದ ಬಯಲಿನಲ್ಲಿ ಬೂದಿ ತಾನಾಗಿ ಓಟಕ್ಕೆ ಇಳಿದಳು. ಕುಕ್ಕುಲೋಟಕ್ಕಿಂತ ಇದು ಸಾವಿರ ಪಾಲು ಮೆತ್ತಗೆ, ತೊಟ್ಟಿಲು ತೂಗಿದ ಹಾಗೆ. ಎರಡು ನಿಮಿಷ ಇದ್ದಿರಬಹುದು. ನಾನು ಈ ಪ್ರವಾಸಕ್ಕೆ ಬಂದದ್ದೇ ಆ ಎರಡು ನಿಮಿಷಕ್ಕೆ.

ಆ ದಿನ 20 ಕಿಲೋಮೀಟರ್. ಸಂಜೆ ಹುಡುಗ ನನಗೆ ಬೂದಿಯ ಎದೆಬಡಿತ ಎಣಿಸಲು ಕಲಿಸಿದ. ಎಡ ಮುಂಗಾಲಿನ ಮೊಣಕೈ ಹಿಂದೆ ಕೈ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ವಿಶ್ರಾಂತಿಯಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44. ದೂರದ ಓಟದ ಪಂದ್ಯಗಳಲ್ಲಿ ತಪಾಸಣೆಗೆ ಬಂದಾಗ ಸಾಮಾನ್ಯವಾಗಿ 64ಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಮುಂದೆ ಬಿಡುವುದಿಲ್ಲ. ಬೂದಿಯದು 40. ನನ್ನದು ಎಣಿಸಿದೆವು, 92.

ಮೂರನೇ ದಿನ

ರಾತ್ರಿಯಿಂದಲೇ ಜಿನುಗುತ್ತಿದ್ದ ಮಳೆ ಬೆಳಿಗ್ಗೆ ನಿಂತಿತ್ತು. ಕಣಿವೆಯ ತಳದಲ್ಲಿ ಒಂದು ಹೊಳೆ. ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು, ಕೆಳಗೆ ಮರಳು. ದಾಟುವುದೇನೂ ದೊಡ್ಡ ವಿಷಯ ಆಗಿರಲಿಲ್ಲ. ಜೀನು ನೆನೆಯುವ ಚಿಂತೆ ನನಗಿಲ್ಲವಲ್ಲ ಅಂತ ಜಂಬದಿಂದ ಮೊದಲು ಇಳಿದೆ.

ನಡುನೀರಿಗೆ ಬಂದಾಗ ಬೂದಿ ನಿಂತಳು. ಮುಂಗಾಲಿನಿಂದ ನೀರನ್ನು ಪಟಪಟ ಬಡಿದಳು. ನೀರು ಎಗರಿ ನನ್ನ ಮುಖಕ್ಕೆ ಸಿಡಿಯಿತು. ಆಡ್ತಾ ಇದ್ದಾಳೆ ನೋಡಿ ಅಂತ ನಾನು ಹಿಂದೆ ತಿರುಗಿ ನಕ್ಕೆ. ಯಜಮಾನರು ಕೈ ಬೀಸುತ್ತಾ ಏನೋ ಕೂಗುತ್ತಿದ್ದರು. ಹೊಳೆಯ ಸದ್ದಿನಲ್ಲಿ ಕೇಳಲಿಲ್ಲ. ಮರುಕ್ಷಣ ಬೂದಿಯ ಮುಂಗಾಲು ಮಡಚಿತು, ಹಿಂಗಾಲು ಮಡಚಿತು. ಅವಳು ನೆಮ್ಮದಿಯಾಗಿ ಹೊಳೆಯಲ್ಲಿ ಮಲಗಿಬಿಟ್ಟಳು.

ಕುದುರೆ ನೀರಿನಲ್ಲಿ ನಿಂತು ಕಾಲು ಬಡಿದರೆ ಹೊರಳಲು ಹೊರಟಿದೆ ಅಂತ ಅರ್ಥ. ಆಗ ತಲೆ ಎತ್ತಿಸಿ, ಹಿಮ್ಮಡಿ ಕೊಟ್ಟು ಮುಂದೆ ಓಡಿಸಬೇಕು. ಇದನ್ನು ನಾನು ಎದೆಮಟ್ಟ ನೀರಿನಲ್ಲಿ ಕೂತು ಕಲಿತೆ. ಒಂದು ಮಾತು ಮಾತ್ರ ನಿಜ, ರಿಕಾಪು ಇಲ್ಲದ್ದರಿಂದ ನಾನು ಸಲೀಸಾಗಿ ಆಚೆ ಜಾರಿದೆ. ಕಾಲು ಸಿಕ್ಕಿಕೊಳ್ಳಲಿಲ್ಲ. ಜೀನು ಇದ್ದಿದ್ದರೆ ಅವಳು ಹೊರಳುವ ಭಾರಕ್ಕೆ ಅದರ ಚೌಕಟ್ಟು ಮುರಿಯುತ್ತಿತ್ತು ಅಂತ ಯಜಮಾನರು ಆಮೇಲೆ ಹೇಳಿದರು. ಅವರು ಅದನ್ನು ಹೇಳುವಾಗ ನನ್ನ ಬದಲು ಆ ಇಲ್ಲದ ಜೀನಿಗಾಗಿ ಮರುಗುತ್ತಿದ್ದ ಹಾಗಿತ್ತು.

ಪ್ಯಾಡ್ ನೀರು ಕುಡಿದು ಕಲ್ಲಿನಷ್ಟು ಭಾರವಾಗಿತ್ತು. ಒದ್ದೆ ಪ್ಯಾಡ್ ಹಾಕಿದರೆ ಚರ್ಮ ತಿಕ್ಕಿ ಗಾಯವಾಗುತ್ತದೆ. ಹಿಂಡಿ ಸಾಮಾನಿನ ಕುದುರೆಗೆ ಹೊರಿಸಿದೆವು. "ನಡೀತೀಯಾ, ಕೂರ್ತೀಯಾ?" ಅಂತ ಕೇಳಿದರು. ನನಗೆ ಚಳಿ ಹತ್ತಿತ್ತು. ಬೂದಿಯ ಮೈ ಬೆಚ್ಚಗಿತ್ತು. ಪೂರ್ತಿ ಬರಿಬೆನ್ನಿನ ಮೇಲೆ ಕೂರುತ್ತೇನೆ ಅಂದೆ. ಕನಸು ಕಂಡದ್ದೂ ಅದನ್ನೇ ಅಲ್ಲವೆ? ಹಿಂದೆ ರೋಮಿನ ಮೇಲೆ ಯುದ್ಧ ಮಾಡಿದ ಹನ್ನಿಬಾಲನ ಸೈನ್ಯದಲ್ಲಿ ಉತ್ತರ ಆಫ್ರಿಕಾದ ನುಮಿಡಿಯಾದ ಸವಾರರು ಜೀನೂ ಇಲ್ಲದೆ, ಕಡಿವಾಣವೂ ಇಲ್ಲದೆ ರೋಮನರ ಮೇಲೆ ನುಗ್ಗುತ್ತಿದ್ದರು. ನನಗೆ 10 ಕಿಲೋಮೀಟರ್ ಆಗುವುದಿಲ್ಲವೆ ಅಂದುಕೊಂಡೆ. ನುಮಿಡಿಯಾದವರು ನಡುಗಿಕೊಂಡು, ಒಂದು ಕಡೆ ವಾಲಿಕೊಂಡು ಕೂರುತ್ತಿರಲಿಲ್ಲ ಅನ್ನುವುದು ಹೊಳೆಯಲಿಲ್ಲ.

ಒದ್ದೆ ಕೂದಲು ಸಾಬೂನಿನ ಹಾಗೆ ಜಾರುತ್ತಿತ್ತು. ಮತ್ತೆ ಮಳೆ ಹಿಡಿಯಿತು. ಬೇಗ ಮುಟ್ಟಬೇಕು ಅಂತ ಬಯಲು ಸಿಕ್ಕಲ್ಲೆಲ್ಲ ಕುಕ್ಕುಲೋಟ. ನಾನು ಮೈ ಮುದುಡಿ, ಮೊಣಕಾಲು ಬಿಗಿದು, ಮುದುಕಿ ಹೇಳಿದ್ದನ್ನು ಮರೆತು, ಕುರ್ಚಿಯ ಮೇಲೆ ಕೂತ ಹಾಗೆಯೇ ಕೂತೆ. ಎರಡು ಸಲ ಬಲಕ್ಕೆ ಜಾರಿ ಜೂಲು ಹಿಡಿದು ಮೇಲೆ ಬಂದೆ. ಇಳಿದು ನಡೆಯಬಹುದಿತ್ತು. ನಡೆಯಲಿಲ್ಲ.

ಸಂಜೆ ಒಂದು ಖಾಲಿ ಕೊಟ್ಟಿಗೆಯಲ್ಲಿ ಇಳಿದೆವು. ಮಳೆ ಹೊಡೆದಿದ್ದರಿಂದ ಬೆವರಿನ ಗುರುತು ಓದಲು ಬರುವಂತಿರಲಿಲ್ಲ. ಯಜಮಾನರು ಬೂದಿಯ ಮೈ ಒಣಹುಲ್ಲಿನಿಂದ ಉಜ್ಜಿ, ಹೆಬ್ಬೆರಳು ಇಟ್ಟು ಒತ್ತುತ್ತಾ ಹೋದರು. ಬೆನ್ನಿನ ನಡುವಿಗೆ ಬಂದಾಗ ಅವಳು ತಟ್ಟನೆ ಬೆನ್ನು ತಗ್ಗಿಸಿದಳು. ಕಿವಿ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದರು. ಮತ್ತೆ ತಗ್ಗಿಸಿದಳು. ಬಲಗಡೆ ಜಾಸ್ತಿ.

ಅವರು ಬೈಯಲಿಲ್ಲ. ನನ್ನ ಹೆಬ್ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟರು, ಅಷ್ಟೆ. ಕೈಗೆ ಬಿಸಿ ತಾಗಿತು, ಸುತ್ತಲಿನ ಚರ್ಮಕ್ಕಿಂತ ಜಾಸ್ತಿ ಬಿಸಿ.

ರಾತ್ರಿ ನಿದ್ದೆ ಬರಲಿಲ್ಲ. ನನ್ನ ತೂಕ 58 ಕಿಲೋ, ಬೂದಿಯದು 400ರ ಹತ್ತಿರ. ಕುದುರೆಯ ತೂಕದ ಶೇಕಡಾ 20ರೊಳಗೆ ಭಾರ ಇರಲಿ ಅಂತ ಹೇಳುತ್ತಾರೆ. ಆ ಲೆಕ್ಕದಲ್ಲಿ ನಾನು ಎಷ್ಟೋ ಹಗುರ. ಆದರೆ ಕೆಲಸ ಕೆಡಿಸುವುದು ತೂಕ ಒಂದೇ ಅಲ್ಲ, ಅದು ಎಷ್ಟು ಜಾಗದ ಮೇಲೆ ಬೀಳುತ್ತದೆ ಅನ್ನುವುದು. ಹಿಲರಿ ಕ್ಲೇಟನ್ ಅನ್ನುವ ಪಶುವೈದ್ಯೆ ಮತ್ತು ಜೊತೆಗಾರರು ಕುದುರೆಯ ಬೆನ್ನಿನ ಮೇಲೆ ಒತ್ತಡ ಅಳೆಯುವ ಹಾಸು ಇಟ್ಟು ಇದನ್ನು ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನ. ಜೀನು ಹಾಕಿದಾಗ ಒಟ್ಟು ಭಾರ ಜಾಸ್ತಿ, ಆದರೆ ಅದು ಅಗಲವಾಗಿ ಹರಡುತ್ತದೆ. ಬರಿಬೆನ್ನಿನ ಸವಾರಿಯಲ್ಲಿ ತಾಗುವ ಜಾಗ ಕಡಿಮೆ, ಕುಂಡಿಯ ಎರಡು ಮೂಳೆಯ ಕೆಳಗೆ ಒತ್ತಡ ಜಾಸ್ತಿ. ನಾನು ಇದನ್ನು ಹೊರಡುವ ಮೊದಲೇ ಓದಿದ್ದೆ. ಓದಿ, ನನ್ನ ವಿಷಯದಲ್ಲಿ ಹಾಗಾಗುವುದಿಲ್ಲ ಅಂದುಕೊಂಡಿದ್ದೆ. ಜೀನಿಲ್ಲದಿದ್ದರೆ ಕುದುರೆಗೆ ಹಗುರ ಅನ್ನುವುದು ನನಗೆ ಬೇಕಾಗಿದ್ದ ಮಾತು. ಬೂದಿಯನ್ನು ಯಾರೂ ಕೇಳಿರಲಿಲ್ಲ.

ನಾಲ್ಕನೇ ದಿನ

ಬೂದಿಗೆ ರಜೆ. ಹುಡುಗ ತನ್ನ ಕುದುರೆ ಕೊಡುತ್ತೇನೆ ಅಂದ. ಬೇಡ ಅಂದೆ. 14 ಕಿಲೋಮೀಟರ್, ಅವಳ ಹಗ್ಗ ಹಿಡಿದು ನಡೆದೆ.

ಮಳೆ ತೊಳೆದ ದಾರಿ. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಸರಿನಲ್ಲಿ ಅವಳ ಗೊರಸಿನ ಗುರುತು ಪಕ್ಕದಲ್ಲಿ ನನ್ನ ಬೂಟಿನ ಗುರುತು. ಕುದುರೆಯ ನಡಿಗೆ ಗಂಟೆಗೆ ಆರೇಳು ಕಿಲೋಮೀಟರ್, ನನ್ನದು ಐದು. ಮೊದಲ ಅರ್ಧ ಗಂಟೆ ಅವಳು ನನ್ನನ್ನು ಎಳೆದಳು. ಆಮೇಲೆ ಅವಳೇ ಹೆಜ್ಜೆ ಸಣ್ಣದು ಮಾಡಿಕೊಂಡಳು. ನಾನು ನಿಂತರೆ ನಿಲ್ಲುತ್ತಿದ್ದಳು. ಒಮ್ಮೊಮ್ಮೆ ತನ್ನ ಮೂತಿಯನ್ನು ನನ್ನ ತೋಳಿಗೆ ಉಜ್ಜಿ, ಹೆಲ್ಮೆಟ್ಟಿನ ಪಟ್ಟಿ ಕಚ್ಚಲು ನೋಡುತ್ತಿದ್ದಳು. ಹೆಲ್ಮೆಟ್ ಅಂದೆನಲ್ಲ, ಬರಿಬೆನ್ನಿನ ಸವಾರಿಗೆ ಅದಿಲ್ಲದೆ ಹೋಗಲೇಬೇಡಿ. ಮೊದಲ ದಿನ ನಾನು ಬಿದ್ದದ್ದು ಹುಲ್ಲಿನ ಮೇಲೆ. ಒಂದು ಗಜ ಆಚೆ ಬೇಲಿಯ ಕಲ್ಲುಕಂಬ ಇತ್ತು. ಇನ್ನೊಂದು ವಿಷಯ, ಬೂಟು. ಸವಾರಿಯ ಎತ್ತರದ ಬೂಟು ಹಾಕಿ ಬಂದಿದ್ದರೆ ಈ ದಿನ ನನ್ನ ಪಾದ ಉಳಿಯುತ್ತಿರಲಿಲ್ಲ. ರಿಕಾಪು ಇಲ್ಲದ ಮೇಲೆ ಹಿಮ್ಮಡಿ ಎತ್ತರದ ಬೂಟಿನ ಅಗತ್ಯವೇ ಇಲ್ಲ, ನಡೆಯುವ ಬೂಟೇ ಸಾಕು.

ಒಂದು ತಿರುವಿನಲ್ಲಿ ಇಬ್ಬರು ದಾರಿ ರಿಪೇರಿ ಮಾಡುತ್ತಿದ್ದರು. ಕುಂಟುತ್ತಾ ಬರುತ್ತಿದ್ದ ನನ್ನನ್ನು ನೋಡಿ ಒಬ್ಬ ಗುದ್ದಲಿ ಊರಿ ನಿಂತ. "ಕುದುರೆಗೆ ಏನಾಗಿದೆ?"

"ಬೆನ್ನು ನೋವು."

"ನಿನಗೆ?"

"ಎಲ್ಲಾ ನೋವು."

"ಹಾಗಾದ್ರೆ ಯಾರು ಯಾರನ್ನ ಕರ್ಕೊಂಡು ಹೋಗ್ತಾ ಇದೀರಿ?" ಅಂದ. ಉತ್ತರ ಕಾಯದೆ ಮತ್ತೆ ಅಗೆಯತೊಡಗಿದ.

ಮಧ್ಯಾಹ್ನ ಬಿಸಿಲು ಬಿತ್ತು. ಪ್ಯಾಡನ್ನು ಬಂಡೆಯ ಮೇಲೆ ಹರವಿ ಒಣಗಿಸುವಾಗ ಅದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಉದ್ದಕ್ಕೂ ಒಂದೇ ದಪ್ಪ. ಬೆನ್ನುಮೂಳೆಯ ಮೇಲೂ ಅಷ್ಟೇ ದಪ್ಪ. ಯಜಮಾನರು ತಮ್ಮ ಸಾಮಾನಿನಿಂದ ಎರಡು ಉಣ್ಣೆಯ ಗಟ್ಟಿ ಹಾಸು ತೆಗೆದು ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟರು. ನಡುವೆ ನಾಲ್ಕು ಬೆರಳಿನಷ್ಟು ತೆರವು. ಈಗ ಭಾರ ಎರಡು ಕಡೆಯ ಖಂಡದ ಮೇಲೆ ಬೀಳುತ್ತದೆ, ಮೂಳೆಗೆ ಗಾಳಿ ಆಡುತ್ತದೆ. ಒಳ್ಳೆಯ ಪ್ಯಾಡುಗಳಲ್ಲಿ ಈ ತೆರವು ಮೊದಲೇ ಇರುತ್ತದೆ. ನಾನು ಕೊಳ್ಳುವಾಗ ನೋಡಿದ್ದು ಬಣ್ಣ, ಆಮೇಲೆ ರಿಕಾಪು. ಹಾಗಂತ ಇದು ಜೀನಿನಷ್ಟು ಭಾರ ಹಂಚುವುದಿಲ್ಲ ಅಂತಲೂ ಅವರು ಹೇಳಿದರು. ದಿನಕ್ಕೆ ಎರಡು ಗಂಟೆಯಾದರೆ ಸರಿ. ಏಳು ಗಂಟೆ ಕೂರಬೇಕು ಅಂದರೆ ಜೀನು ಹಾಕು, ಇಲ್ಲ ನಡಿ.

ಸಂಜೆ ಹೆಬ್ಬೆರಳು ಒತ್ತಿದೆ. ಎಡಗಡೆ ಸುಮ್ಮನಿದ್ದಳು. ಬಲಗಡೆ ಚರ್ಮ ಒಮ್ಮೆ ಅದುರಿತು, ನೊಣ ಕೂತಾಗ ಅದುರುವ ಹಾಗೆ. ಬೆನ್ನು ತಗ್ಗಿಸಲಿಲ್ಲ.

ಐದನೇ ದಿನ

ಬೆಳಿಗ್ಗೆ ಯಜಮಾನರು ಚಹಾ ಲೋಟ ಹಿಡಿದು ದೂರದಲ್ಲೇ ಕೂತಿದ್ದರು. "ಕೂರಬಹುದಾ?" ಅಂತ ಕೇಳಿದೆ. "ನನ್ನನ್ಯಾಕೆ ಕೇಳ್ತೀಯ?" ಅಂದರು.

ಹೆಗಲಿನಿಂದ ಸೊಂಟದವರೆಗೆ ಒತ್ತುತ್ತಾ ಹೋದೆ. ಒಂದು ಸಲ, ಎರಡು ಸಲ, ಮೂರು ಸಲ. ಬೂದಿ ಹುಲ್ಲು ತಿನ್ನುವುದನ್ನು ನಿಲ್ಲಿಸಲಿಲ್ಲ. ಬಿಸಿಯೂ ಇಳಿದಿತ್ತು. ಹಾಸು ಇಟ್ಟು, ಪ್ಯಾಡ್ ಹಾಕಿ, ಪಟ್ಟಿ ಬಿಗಿದೆ. ಹತ್ತು ನಿಮಿಷ ನಡೆಸಿ ಇನ್ನೊಮ್ಮೆ ಬಿಗಿದೆ. ಬಿದ್ದ ಮರದ ದಿಮ್ಮಿಯೊಂದು ಸಿಕ್ಕಿದಾಗ ಅದರ ಮೇಲೆ ನಿಂತು ಮೆಲ್ಲಗೆ ಕೂತೆ. ಧೊಪ್ಪಂತ ಅಲ್ಲ. ಹಸುಗೂಸಿನ ಪಕ್ಕದಲ್ಲಿ ಮಲಗುವವರ ಹಾಗೆ.

12 ಕಿಲೋಮೀಟರಿನಲ್ಲಿ ಅರ್ಧ ಕೂತೆ, ಅರ್ಧ ನಡೆದೆ. ಅರ್ಧ ಗಂಟೆಗೊಮ್ಮೆ ಇಳಿಯುತ್ತಿದ್ದೆ. ಇಳಿಯುವುದು ಈಗ ಸರಾಗವಾಗಿತ್ತು. ಹತ್ತಲು ಬಂಡೆ, ದಿಮ್ಮಿ, ದಿಣ್ಣೆ ಎಲ್ಲಿದೆ ಅಂತ ಕಣ್ಣು ತಾನಾಗೇ ಹುಡುಕಿಟ್ಟುಕೊಳ್ಳುತ್ತಿತ್ತು. ಕುಕ್ಕುಲೋಟ ಒಂದು ಸಲವೂ ಇಲ್ಲ. ಹೊಲಗಳು ಬಂದವು. ಮೊದಲ ದಿನದ ಗೇಟೂ ಬಂತು. ಇಳಿದು, ನಡೆದು ಹೋಗಿ ಚಿಲಕ ತೆಗೆದೆ. ಹುಡುಗನಿಗೆ ಸ್ವಲ್ಪ ನಿರಾಸೆಯಾಗಿರಬೇಕು.

ಅಂಗಳದಲ್ಲಿ ಪಟ್ಟಿಯನ್ನು ಒಂದೇ ಸಲ ಬಿಚ್ಚದೆ ಎರಡು ತೂತು ಸಡಿಲ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಬೆನ್ನಿನ ಎರಡೂ ಕಡೆ ಒಂದೇ ಅಳತೆಯ ಎರಡು ಒದ್ದೆ ಗುರುತು. ನಡುವೆ ಮೂಳೆಯ ಉದ್ದಕ್ಕೂ ಒಣಗಿದ ಒಂದು ದಾರಿ. ಆ ಒಣ ದಾರಿ ನೋಡಿ ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಅಲ್ಲಿ ಏನೂ ತಾಗಿಯೇ ಇಲ್ಲ, ಅದಕ್ಕೇ ಒಣಗಿದೆ. ಬಿಟ್ಟ ತೆರವಿನದೇ ಗುರುತು ಅದು.

ಯಜಮಾನರು ಬಂದರು. ಅಂಗೈಯನ್ನು ಬೂದಿಯ ಬೆನ್ನಿನ ಮೇಲೆ ಹೆಗಲಿನಿಂದ ಬಾಲದವರೆಗೆ ಒಮ್ಮೆ ಎಳೆದರು. ಏನೂ ಹೇಳದೆ ಮುಂದಿನ ಕುದುರೆಯ ಹತ್ತಿರ ಹೋದರು. ಬೂದಿ ಮೂರು ಹೆಜ್ಜೆ ಆಚೆ ಹೋಗಿ, ಧೂಳಿನಲ್ಲಿ ಕಾಲು ಬಡಿದು, ಮಲಗಿ ಹೊರಳಿದಳು. ಈ ಸಲ ನಾನು ಮೇಲಿರಲಿಲ್ಲ.

ರಿಕಾಪು ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ. ತೆಗೆದುಕೊಂಡು ಬರಲು ಮರೆತೆ.